ಚಿಕ್ಕಮ್ಮ ಕೊಟ್ಟ ಊದುಬತ್ತಿ

ಸೊಹಾರ್, 18 ಫೆಬ್ರವರಿ 2016

ಚಿಕ್ಕಮ್ಮನಿಗೆ ಸೇಸಪ್ಪನ ನಮಸ್ಕಾರ. ನಿಮಗೆ ಚಿತ್ರದ ಕಾರ್ಡ್ ಇಷ್ಟವೆಂದು ಫೋನ್ ಬಿಟ್ಟು ಬರೆಯುತ್ತಿದ್ದೇನೆ.

ಇಲ್ಲಿ ಗಲ್ಫಿನಲ್ಲಿ ಹೊಸ ಮನೆಗಳಿಗೆ ನೆಲದಡಿಯಿಂದ ತಾರಸಿಯವರೆಗೆ ಪೈಪ್ ಹಾಕುವುದು ನನ್ನ ಕೆಲಸ. ಮಣ್ಣಿನಿಂದ ರೇಡಾನ್ ಎಂಬ ಅನಿಲ ಏಳುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು. ಪೈಪಿನ ಫ್ಯಾನ್ ಅದನ್ನು ಎಳೆದು ಹೊರಗೆ ಬಿಡುತ್ತದೆ. ತೈಲದ ಬೆಲೆ ಬಿದ್ದ ಮೇಲೆ ಕಂಪನಿ ಪೈಪ್ ಸಾಕು, ಫ್ಯಾನ್ ಬೇಡ ಎಂದಿತು. ಪರೀಕ್ಷೆಗೆ ಕೊಡುತ್ತಿದ್ದ ಹೊಗೆಯ ಕಡ್ಡಿಯೂ ನಿಂತಿತು. ಹಾಗಾಗಿ ನೀವು ಕೊಟ್ಟ ಊದುಬತ್ತಿಯನ್ನೇ ಹಚ್ಚಿ ನೆಲದ ತೂತಿಗೆ ಹಿಡಿಯುತ್ತೇನೆ. ಹೊಗೆ ಒಳಗೆ ಹೋದರೆ ಪೈಪ್ ಎಳೆಯುತ್ತಿದೆ ಎಂದರ್ಥ.

ಮೊನ್ನೆ ಒಂದು ಮನೆಯ ಯಜಮಾನರ ತಾಯಿ ಅದನ್ನು ನೋಡಿ, ನಾನು ಪೂಜೆ ಮಾಡುತ್ತಿದ್ದೇನೆಂದುಕೊಂಡು, ತಮ್ಮ ಧೂಪದ ಬಟ್ಟಲನ್ನೂ ತಂದು ಪಕ್ಕದಲ್ಲಿಟ್ಟು ಕುಳಿತರು. ಎರಡು ಹೊಗೆಯೂ ತೂತಿನೊಳಗೆ ಹೋಗದೆ ನಮ್ಮ ಮುಖಕ್ಕೇ ಬಂತು. ಯಾಕೆಂದು ಮುರುಕು ಹಿಂದಿಯಲ್ಲಿ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಫ್ಯಾನ್ ಇಲ್ಲದೆ ಎಳೆಯುವುದಿಲ್ಲ ಎಂದೆ. "ಖಲಾಸ್! ಅದು ಬರುವ ತನಕ ನನ್ನ ಮೊಮ್ಮಕ್ಕಳು ಇಲ್ಲಿ ಮಲಗುವುದಿಲ್ಲ," ಎಂದು ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದರು. ಮಗ ಕಂಪನಿಯನ್ನು ಕೇಳಿದ್ದಕ್ಕೆ ಇವತ್ತು ಆ ಮನೆಗೆ ಫ್ಯಾನ್ ಕೂರಿಸಿ ಬಂದೆ.

ನಮ್ಮ ಫೋರ್‌ಮನ್ ಮಂಗಳೂರಿನವರೇ. "ನಿಂಗೆ ಬಾಯಿ ಮುಚ್ಚಿ ಕೂತುಕೊಳ್ಳಲಿಕ್ಕೆ ಆಗುದಿಲ್ವಾ ಮಾರಾಯ?" ಎಂದರು. ಮುಂದಿನ ತಿಂಗಳು ಜನ ಕಡಿಮೆ ಮಾಡುತ್ತಾರಂತೆ, ಪಟ್ಟಿಯಲ್ಲಿ ನಾನೂ ಇರಬಹುದು.

ಆರೋಗ್ಯ ಚೆನ್ನಾಗಿದೆ, ಕೆಮ್ಮು ಹೋಗಿದೆ. ಕಂಪನಿ ಬಸ್ ಹಾರ್ನ್ ಹೊಡೆಯುತ್ತಿದೆ. ಬೈಯಬೇಡಿ ಚಿಕ್ಕಮ್ಮ, ದಿನಾ ದೇವರಿಗೆ ಹಚ್ಚು ಎಂದು ಕೊಟ್ಟದ್ದರಲ್ಲಿ ಒಂದೇ ಕಡ್ಡಿ ಉಳಿದಿದೆ. ಅದನ್ನೂ ನಾಳೆಯ ಮನೆಗೆ ಇಟ್ಟುಕೊಂಡಿದ್ದೇನೆ.