ಬೀದಿಗೆ ಬೆನ್ನು ಹಾಕಿದ ಮನೆ

ಸನ್ನಿವೇಲ್, ಕ್ಯಾಲಿಫೋರ್ನಿಯಾ
೬ ಫೆಬ್ರವರಿ ೨೦೦೦, ಭಾನುವಾರ

ಗುರುದತ್ತರಿಗೆ, ಸುಗುಣಾಳ ನಮಸ್ಕಾರ.

ಹೆಸರು ಹಿಡಿದು ಕರೆದಳೆಂದು ಹುಬ್ಬೇರಿಸಬೇಡಿ. ‘ಪ್ರಿಯ’ ಎಂದು ಬರೆಯಲು ಪೆನ್ನು ಏಳಲಿಲ್ಲ. ‘ಮಾನ್ಯರೇ’ ಎಂದರೆ ನಳ್ಳಿನೀರಿಗಾಗಿ ಕಾರ್ಪೊರೇಶನ್ನಿಗೆ ಅರ್ಜಿ ಬರೆದ ಹಾಗಾಗುತ್ತದೆ. ಇಷ್ಟು ವರ್ಷ ‘ಕೇಳಿತಾ’, ‘ಇಲ್ಲಿ ನೋಡಿ’ ಎಂದೇ ಕಾಲ ಹಾಕಿದವಳು ನಾನು. ಕಾಗದದ ಮೇಲೆ ನಿಮ್ಮನ್ನು ಏನೆಂದು ಕರೆಯುವುದೆಂದು ಯೋಚಿಸುವುದರಲ್ಲೇ ಕಾಫಿ ತಣ್ಣಗಾಯಿತು.

ಕಳೆದ ವಾರ ಫೋನಿನಲ್ಲಿ ನೀವು ಒಂದೇ ಪ್ರಶ್ನೆ ಕೇಳಿದಿರಿ: ವಾಪಸ್ ಬರುತ್ತೀಯೋ, ಇಲ್ಲವೋ. ಕಳೆದ ಜೂನಿನಲ್ಲಿ ನಾನು ಮಂಗಳೂರು ಬಿಟ್ಟ ಮೇಲೆ ಆ ಮಾತು ನಿಮ್ಮ ಬಾಯಿಂದ ಬಂದದ್ದು ಅದೇ ಮೊದಲು. ಲೈನು ಸರಿಯಿಲ್ಲ ಎಂದು ಫೋನಿಟ್ಟೆ. ಲೈನು ಸರಿಯಾಗಿಯೇ ಇತ್ತು. ನನ್ನ ನಾಲಗೆಯ ಮೇಲೆ ‘ಇಲ್ಲ’ ಎಂಬ ಉತ್ತರ ಬಂದು ಕೂತಿತ್ತು, ಅದನ್ನು ಆಡಲು ಧೈರ್ಯ ಬರಲಿಲ್ಲ, ಅಷ್ಟೆ. ಈಗ ಸರಿಯಾದ ಉತ್ತರ ಬರೆಯಲು ಕೂತಿದ್ದೇನೆ. ನಿಮ್ಮ ಅಭ್ಯಾಸದಂತೆ ಕೊನೆಯ ಹಾಳೆಗೆ ಹಾರಬೇಡಿ. ಮೊದಲು ಒಂದು ಮನೆಯ ವಿಷಯ ಹೇಳಬೇಕು. ನಿಮಗಲ್ಲದೆ ಬೇರೆ ಯಾರಿಗೆ ಹೇಳಿದರೂ ಪ್ರಯೋಜನವಿಲ್ಲ.

ನನ್ನ ತಮ್ಮ ಸಂದೇಶನೂ ಅವನ ಹೆಂಡತಿ ಸುರಕ್ಷಾಳೂ ಅಪಾರ್ಟ್‌ಮೆಂಟು ಬಿಟ್ಟು ಅಕ್ಟೋಬರಿನಲ್ಲಿ ಸ್ವಂತ ಮನೆಗೆ ಬಂದರು. ಇಲ್ಲಿ ಈಗ ಮನೆ ಕೊಳ್ಳುವುದೆಂದರೆ ಬಂದರಿನಲ್ಲಿ ಮೀನು ಹರಾಜು ಕೂಗಿದ ಹಾಗೆ. ಬೆಳಿಗ್ಗೆ ಮಾರಾಟದ ಬೋರ್ಡು ನೆಟ್ಟರೆ ಸಂಜೆಗೆ ಕಿತ್ತು ಹಾಕುತ್ತಾರೆ. ಹೊಸ ಮನೆ ತೋರಿಸಲು ನನ್ನನ್ನು ಕರೆದುಕೊಂಡು ಹೋದಾಗ ಕಾರು ನಿಂತದ್ದು ಒಂದು ಗೋಡೌನಿನ ಎದುರು. ಚಪ್ಪಟೆ ಮಾಡು, ಕಂದು ಬಣ್ಣದ ಹಲಗೆಯ ಗೋಡೆ, ಕಾರು ನಿಲ್ಲಿಸಲು ಒಂದು ದೊಡ್ಡ ಬಾಗಿಲು. ಬೀದಿಯ ಕಡೆಗೆ ಒಂದೇ ಒಂದು ಕಿಟಕಿ ಇಲ್ಲ. ಹಂಚಿನ ಕಾರ್ಖಾನೆಯವರು ಲಾರಿಗೆಂದು ಕಟ್ಟುತ್ತಿದ್ದ ಶೆಡ್ಡಿಗೂ ಇದಕ್ಕಿಂತ ಹೆಚ್ಚು ಲಕ್ಷಣವಿತ್ತು. ನನ್ನ ಮುಖ ನೋಡಿ ಸಂದೇಶ, “ಅಕ್ಕ, ನಾವು ತಗೊಂಡದ್ದು ಜಾಗ ಮಾರಾಯ್ತಿ, ಮನೆ ಅಲ್ಲ. ಸಮ್ಮರಿನಲ್ಲಿ ಇದನ್ನು ಕೆಡವಿ ಟೂ ಸ್ಟೋರಿ ಮನೆ ಕಟ್ಟುವುದು” ಎಂದ. ಒಳ್ಳೆಯದೇ ಆಯಿತು ಎಂದುಕೊಂಡೆ. ಕಿಟಕಿಯಿಲ್ಲದ ಮನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಇದೆ.

ಅವನು ಬಾಗಿಲು ತೆರೆದ. ಬಾಗಿಲಿನ ಒಳಗೆ ಆಕಾಶವಿತ್ತು.

ಸುಳ್ಳಲ್ಲ. ಬಾಗಿಲು ದಾಟಿದರೆ ಕಾಲಿಟ್ಟದ್ದು ಮನೆಯೊಳಗಲ್ಲ, ಮೇಲೆ ಮಾಡಿಲ್ಲದ ಒಂದು ಅಂಗಳದೊಳಗೆ. ಸುತ್ತಲೂ ನೆಲದಿಂದ ಮಾಡಿನವರೆಗೆ ಗಾಜು. ಒಂದು ಗಾಜಿನಾಚೆ ಊಟದ ಕೋಣೆ, ಅದರಾಚೆ ಇನ್ನೊಂದು ಗಾಜು, ಅದರಾಚೆ ಹಿತ್ತಿಲು. ಹಿತ್ತಿಲ ಮರದಲ್ಲಿ ಎಲೆಗಳಿಗಿಂತ ಹೆಚ್ಚಾಗಿ ಕಿತ್ತಳೆ ಬಣ್ಣದ ಹಣ್ಣುಗಳೇ ಕಾಣುತ್ತಿದ್ದವು. ಮುಂಬಾಗಿಲಲ್ಲಿ ನಿಂತವಳಿಗೆ ಮನೆಯ ಹಿಂದಿನ ಬೇಲಿಯವರೆಗೆ ಎಲ್ಲವೂ ಕಾಣುತ್ತಿತ್ತು. ಬೀದಿಗೆ ಬೆನ್ನು ಹಾಕಿ ಕೂತ ಮನೆ ತನ್ನ ಮುಖವನ್ನೆಲ್ಲ ಒಳಗೆ ಇಟ್ಟುಕೊಂಡಿತ್ತು. ನಾನು ಬಾಯಿ ಕಳೆದು ನಿಂತೆ. ಯಾರಿಗಾದರೂ ತೋರಿಸಬೇಕೆಂದು ಪಕ್ಕಕ್ಕೆ ತಿರುಗಿದೆ. ತಿರುಗಿದ್ದು ನಿಮ್ಮ ಕಡೆಗೆ. ನೀವಿರಲಿಲ್ಲ. ಬಿಟ್ಟು ಬಂದವಳು ನಾನೇ ಎಂಬುದು ಆ ಕ್ಷಣಕ್ಕೆ ಮರೆತೇ ಹೋಗಿತ್ತು. ತುಂಬ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಈಗ ನಿಮ್ಮ ಕಸುಬಿನ ಮಾತು. ಈ ಮನೆಯಲ್ಲಿ ಗೋಡೆಗಳು ಭಾರ ಹೊರುವುದಿಲ್ಲ. ಭಾರವೆಲ್ಲ ಮರದ ಕಂಬ ಮತ್ತು ತೊಲೆಗಳ ಮೇಲೆ. ತೊಲೆ ಊಟದ ಕೋಣೆಯಲ್ಲಿ ಹೊರಟು, ಗಾಜಿನ ತಲೆಯ ಮೇಲಿನಿಂದ ಹಾದು, ಹೊರಗಿನ ಸೂರಿನವರೆಗೆ ಒಂದೇ ಉದ್ದಕ್ಕೆ ಹೋಗುತ್ತದೆ. ಒಳಗೆಂಬುದು ಎಲ್ಲಿ ಮುಗಿಯಿತು, ಹೊರಗೆಂಬುದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ನೀವಿದ್ದಿದ್ದರೆ ಬೆರಳ ಗೆಣ್ಣಿನಿಂದ ಕಂಬ ತಟ್ಟಿ, ಕತ್ತು ಮೇಲೆತ್ತಿ ಒಂದು ಸುತ್ತು ಹಾಕಿ, “ಲೋಡು ಎಲ್ಲಿಗೆ ಇಳಿಯುವುದು ಇದರದ್ದು?” ಎಂದು ಕಳ್ಳನನ್ನು ಹಿಡಿದವರ ಹಾಗೆ ಕೇಳುತ್ತಿದ್ದಿರಿ. ನಲವತ್ತು ವರ್ಷದ ಹಿಂದೆ ಇಂಥವನ್ನು ಸಾಲುಸಾಲಾಗಿ ಕಟ್ಟಿದರಂತೆ, ಅದೂ ಅರಮನೆಯವರಿಗಲ್ಲ, ಸಂಬಳದ ಜನರಿಗೆ. ಇದನ್ನೆಲ್ಲ ನನಗೆ ಹೇಳಿದವರು ಪಕ್ಕದ ಮನೆಯ ಮಾರ್ಜರಿ. ಅವರದ್ದೂ ಇದೇ ಜಾತಿಯ ಮನೆ, ಮದುವೆಯಾದ ಹೊಸತರಲ್ಲಿ ಬಂದವರು. ಈಗ ಗಂಡನಿಲ್ಲ, ಒಬ್ಬರೇ ಇದ್ದಾರೆ.

ಅಡುಗೆಮನೆ ಎಲ್ಲಿದೆ ಗೊತ್ತೇ? ನಡುಮನೆಯಲ್ಲಿ. ಮೂಲೆಯಲ್ಲಲ್ಲ, ಹಿಂದೆಯಲ್ಲ, ನಡುವಿನಲ್ಲಿ. ಒಲೆಯ ಮುಂದೆ ನಿಂತರೆ ಎಡಕ್ಕೆ ಅಂಗಳ, ಬಲಕ್ಕೆ ಹಿತ್ತಿಲು. ಮನೆಗೆ ಯಾರು ಬಂದರು, ಮಳೆ ಎಲ್ಲಿ ಬಿತ್ತು, ಅಳಿಲು ಯಾವ ಹಣ್ಣು ಕಚ್ಚಿತು, ಒಗ್ಗರಣೆ ಹಾಕುತ್ತಲೇ ಎಲ್ಲವೂ ಕಾಣುತ್ತದೆ. ಮೊದಲ ದಿನ ಅಲ್ಲಿ ನಿಂತು ಚಹಾ ಮಾಡಿದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ನಾನು ಹೊರಗೆ ನೋಡುತ್ತಲೇ ಇದ್ದೆ.

ಕಿಟಕಿಗಾಗಿ ಗಂಡನನ್ನು ಬಿಟ್ಟು ಹೋದವಳು ಎಂದು ಕದ್ರಿಯಲ್ಲಿ ಎಲ್ಲರೂ ನಕ್ಕರಂತೆ. ನಗಲಿ. ನೀವು ಊರಿಗೆಲ್ಲ ಮನೆ ಕಟ್ಟಿಕೊಟ್ಟ ಕಂಟ್ರಾಕ್ಟರು. ನಮ್ಮಿಬ್ಬರಿಗೆಂದು ಒಂದು ಕಟ್ಟುವಾಗ ನಾನು ಕೇಳಿದ್ದು ಅಡುಗೆಮನೆಗೆ ಒಂದು ದೊಡ್ಡ ಕಿಟಕಿ, ಗೇಟು ಕಾಣುವ ಹಾಗೆ. ಹೆಂಗಸರಿಗೆ ಸೈಟಿನಲ್ಲಿ ಏನು ಕೆಲಸ ಎಂದು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಗೃಹಪ್ರವೇಶದ ದಿನ ನೋಡಿದರೆ ಕಂಪೌಂಡು ಗೋಡೆಗೆ ಮುಖ ಮಾಡಿದ ಕತ್ತಲ ಕೋಣೆ, ಮೇಲೊಂದು ಫ್ಯಾನು. ಕಿಟಕಿ ಎಲ್ಲಿ ಎಂದರೆ ನೀವು, “ಕಿಟಕಿ ಹೇಳಿದ್ದಿಯಾ? ಅಡುಗೆಮನೆಗೆ ಎಂತಕ್ಕೆ ಅಷ್ಟು ಬೆಳಕು?” ಎಂದಿರಿ. ಕಿಟಕಿ ಇಲ್ಲದ್ದಕ್ಕಲ್ಲ ನನಗೆ ನೋವಾದದ್ದು. ನಾನು ಕೇಳಿದ್ದು ನಿಮಗೆ ನೆನಪೇ ಇರಲಿಲ್ಲವಲ್ಲ, ಅದಕ್ಕೆ. ಆ ಕತ್ತಲೆಯಲ್ಲಿ ನಾಲ್ಕು ವರ್ಷ ಅಡುಗೆ ಮಾಡಿದೆ. ಆಮೇಲೆ ಆಗಲಿಲ್ಲ.

ಇರಲಿ. ಕ್ರಿಸ್‌ಮಸ್ಸಿನ ಹೊತ್ತಿಗೆ ಈ ಮನೆಯ ನೆಲ ತಣ್ಣಗಾಯಿತು. ಇಲ್ಲಿ ಬಿಸಿಗೆ ಬೇರೆ ಯಂತ್ರವಿಲ್ಲ, ನೆಲವೇ ಬಿಸಿ. ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ ಬಿಸಿನೀರು ಹರಿಸಿದ್ದಾರೆ. ನನ್ನ ಹಾಗೆ ಬರಿಗಾಲಲ್ಲಿ ಓಡಾಡುವವಳಿಗೆ ಅದು ಎಂಥ ಸುಖವೆಂದು ನೀವು ಬಂದು ನಿಂತೇ ತಿಳಿಯಬೇಕು. ಆ ಸುಖ ಒಂದು ದಿನ ನಿಂತೇ ಹೋಯಿತು. ಹೀಟಿಂಗಿನವರು ಬಂದು ನೋಡಿ, ನೆಲದ ಕೆಳಗೆ ಎಲ್ಲೋ ಸೋರುತ್ತಿದೆ, ಎಲ್ಲಿ ಎಂದು ತಿಳಿಯಲು ಇಡೀ ನೆಲ ಒಡೆಯಬೇಕು ಎಂದರು. ಸಂದೇಶನಿಗೆ ಅಷ್ಟೇ ಸಾಕಾಯಿತು. ಬೇಸಿಗೆಯವರೆಗೂ ಏಕೆ ಕಾಯುವುದು, ಮಾರ್ಚಿನಲ್ಲೇ ಕೆಡವಿಬಿಡೋಣ ಎಂದ. ಹೊಸ ಮನೆಯ ನಕ್ಷೆ ಮೇಜಿನ ಮೇಲೆ ಬಂದು ಬಿತ್ತು. ನಾನು ಅದರಲ್ಲಿ ಅಡುಗೆಮನೆ ಹುಡುಕಿದೆ. ಹಿಂದೆ, ಗ್ಯಾರೇಜಿನ ಪಕ್ಕದಲ್ಲಿತ್ತು.

ಕೆಡವುವ ಮೊದಲು ಇನ್ನೊಮ್ಮೆ ತೋರಿಸೋಣ ಎಂದು ನಾನು ಕಾಡಿದ್ದರಿಂದ, ಗುರುವಾರ ಬೆಳಿಗ್ಗೆ ಇನ್ನೊಬ್ಬ ಹೀಟಿಂಗಿನವನು ಬಂದ. ಬಾಯ್ಲರಿಗೆ ನೀರು ತುಂಬಿ ಶುರು ಮಾಡಿ, ಎಷ್ಟು ಸೋರುತ್ತದೆ ಎಂದು ಮಧ್ಯಾಹ್ನ ಬಂದು ನೋಡುತ್ತೇನೆ ಎಂದು ಹೋದ. ಹಳೆಯ ಕಾರ್ಪೆಟ್ಟನ್ನು ಮೊದಲೇ ಕಿತ್ತು ಹಾಕಿದ್ದರಿಂದ ನೆಲ ಬರಿಯ ಸಿಮೆಂಟು. ಅವನ ಬೂಟಿನ ಕೆಸರು ಉದ್ದಕ್ಕೂ. ನೆಲ ಒರೆಸದೆ ನನಗೆ ಊಟ ಇಳಿಯುವುದಿಲ್ಲವಲ್ಲ, ಇಲ್ಲಿಯವರ ಉದ್ದ ಕೋಲಿನ ಒರಸು ನನಗೆ ಒಗ್ಗುವುದೂ ಇಲ್ಲ. ಬಕೆಟ್ಟು, ಬಟ್ಟೆ ಹಿಡಿದು, ಮೊಣಕಾಲೂರಿ ಊಟದ ಕೋಣೆಯಿಂದ ಗಾಜಿನವರೆಗೆ ಒರೆಸಿದೆ. ಬೆನ್ನು ನೆಟ್ಟಗೆ ಮಾಡಿ ಹಿಂದೆ ತಿರುಗಿ ನೋಡಿದರೆ, ನೆಲದಲ್ಲಿ ಒಂದು ಗೆರೆ.

ಒದ್ದೆ ಸಿಮೆಂಟಿನ ನಡುವೆ ಒಣಗಿದ ಬಿಳಿ ಗೆರೆ. ನಾನು ನೋಡುತ್ತಿದ್ದಂತೆಯೇ ಅದು ಗಾಜಿನವರೆಗೆ ಬೆಳೆದು, ಬಾಗಿ, ತಿರುಗಿ ವಾಪಸ್ ಬಂತು. ಪಕ್ಕದಲ್ಲಿ ಇನ್ನೊಂದು ಎದ್ದಿತು, ಅದರ ಪಕ್ಕದಲ್ಲಿ ಮತ್ತೊಂದು. ನೆಲದ ಕೆಳಗೆ ಬಿಸಿನೀರು ಹೋದಲ್ಲೆಲ್ಲ ಮೇಲೆ ನೀರು ಮೊದಲು ಆರುತ್ತಿತ್ತು. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಹುದುಗಿದ್ದ ಕೊಳವೆಗಳು ಒಂದೊಂದಾಗಿ ಮೇಲೆ ಬಂದು ಇಡೀ ನಡುಮನೆ ತುಂಬ ಹರಡಿಕೊಂಡವು. ಕೈ ತಾನಾಗಿಯೇ ಮುಗಿಯಿತು. ಸುರಕ್ಷಾಳನ್ನು ಕೂಗಿದೆ. ಅವಳು ಓಡಿ ಬಂದವಳು ಬಾಗಿಲಲ್ಲೇ ನಿಂತು, “ಅಕ್ಕಾ, ಎಂತ ಇದು? ನೆಲದಿಂದ ಎಂತ ಬರ್ತಾ ಉಂಟು?” ಎಂದು ಪಿಸುಗುಟ್ಟಿದಳು.

ಆಗ ನಿಮ್ಮ ಮಾತು ನೆನಪಾಯಿತು. ಸ್ಲ್ಯಾಬಿಗೆ ನೀರು ಕಟ್ಟಿ ಬಿಟ್ಟ ಮೇಲೆ ಎಲ್ಲಿ ಮೊದಲು ಆರುತ್ತದೋ ನೋಡಬೇಕು, ಅಲ್ಲೇ ಏನೋ ಎಡವಟ್ಟಾಗಿರುತ್ತದೆ ಎಂದು ನೀವು ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿಲ್ಲ! ನನ್ನನ್ನು ಸೈಟಿಗೆ ಕರೆದುಕೊಂಡು ಹೋಗದವರು ಮೂವತ್ತು ವರ್ಷ ದಿನಾ ರಾತ್ರಿ ಸೈಟನ್ನೇ ತಟ್ಟೆಯ ಮುಂದೆ ತಂದು ಇಡುತ್ತಿದ್ದಿರಿ. ಸಾರು ಬಡಿಸುತ್ತ ಹೂಂ ಹೂಂ ಎನ್ನುತ್ತಿದ್ದೆ. ಕೇಳುತ್ತಿಲ್ಲ ಎಂದುಕೊಂಡಿದ್ದೆ. ಎಲ್ಲವೂ ಒಳಗೆ ಹೋಗಿ ಕೂತಿತ್ತು.

ಹುಡುಕಿದೆ. ಎಲ್ಲ ಕಡೆ ಗೆರೆ, ಊಟದ ಮೇಜಿನ ಹತ್ತಿರ ಮಾತ್ರ ಗೆರೆಯಲ್ಲ, ದೋಸೆಯಷ್ಟು ಅಗಲದ ಒಣಗಿದ ಮಚ್ಚೆ. ಕಾಲಿಟ್ಟರೆ ಸುಡುವಷ್ಟು ಬಿಸಿ. ಅಲ್ಲಿಂದಾಚೆ ಗೆರೆಗಳೇ ಇಲ್ಲ, ನೆಲ ಒದ್ದೆಯಾಗಿಯೇ ಇತ್ತು. ನೀರೆಲ್ಲ ಆರಿ ಗುರುತು ಅಳಿಸಿಹೋಗುವ ಮೊದಲೇ ಅಕ್ಕಿಹಿಟ್ಟು ತಂದು ಮಚ್ಚೆಯ ಸುತ್ತ ಗೆರೆ ಎಳೆದೆ. ಹೀಟಿಂಗಿನವನು ಬಂದು ಹಿಟ್ಟು ನೋಡಿ ಮೊದಲು ಪೂಜೆಯೆಂದುಕೊಂಡ. ನಂಬಿಕೆಯಿಲ್ಲದೆಯೇ ಅಷ್ಟು ಜಾಗ ಒಡೆದ. ಕೊಳವೆ ಅಲ್ಲೇ ತೂತಾಗಿತ್ತು, ಬೆಸೆದು ಸರಿಮಾಡಿದ. ಗದ್ದಲ ಕೇಳಿ ಮಾರ್ಜರಿಯೂ ಬಂದರು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ನನ್ನ ಗಂಡ ಹೇಳಿದ್ದು ಎಂದೆ. ಆಕೆ ನನ್ನ ಭುಜ ಸವರಿದರು.

ಸಂಜೆ ಸಂದೇಶ ಆಫೀಸಿನಿಂದ ಬರುವ ಹೊತ್ತಿಗೆ ನೆಲ ಬೆಚ್ಚಗಾಗಿತ್ತು. ಬೂಟು ಕಳಚಿದವನು ಹಾಗೇ ಇಸ್ತ್ರಿ ಅಂಗಿಯಲ್ಲೇ ನೆಲದ ಮೇಲೆ ಮಲಗಿಬಿಟ್ಟ. ಸ್ಟಾಕು, ಮೀಟಿಂಗು ಯಾವ ಮಾತೂ ಇಲ್ಲ. ಅಂಗೈಯನ್ನು ನೆಲಕ್ಕೊತ್ತಿ, “ಇದು ಇಷ್ಟು ಒಳ್ಳೆದುಂಟು ಅಂತ ನನಗೆ ಗೊತ್ತೇ ಇರಲಿಲ್ಲ ಅಕ್ಕ” ಎಂದ. ನಿನ್ನೆ ನಕ್ಷೆಯವನಿಗೆ ಫೋನು ಮಾಡಿ, ಸದ್ಯಕ್ಕೆ ಕೆಡವುವುದು ಬೇಡ ಎಂದು ಹೇಳಿದ್ದಾನೆ. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಅವನ ಕಂಪನಿಯ ಶೇರು ಇನ್ನಷ್ಟು ಏರಿದರೆ ಎರಡು ಮಹಡಿ ಮತ್ತೆ ತಲೆಗೇರೀತು.

ಈಗ ಉತ್ತರ. ಬರುತ್ತೇನೆ. ಆರು ತಿಂಗಳು ಹೆಚ್ಚಿಸಿಕೊಂಡ ನನ್ನ ವೀಸಾ ಜೂನ್ ಮೊದಲ ವಾರದವರೆಗಿದೆ, ಆದರೆ ಅದು ಮುಗಿಯಿತೆಂದು ಬರುತ್ತಿಲ್ಲ. ಒಬ್ಬಳೇ ವಿಮಾನ ಇಳಿದು, ತಲೆ ತಗ್ಗಿಸಿ ನಿಮ್ಮ ಕಾರು ಹತ್ತುವುದೂ ಇಲ್ಲ. ಏಪ್ರಿಲಿನಲ್ಲಿ ನೀವೇ ಇಲ್ಲಿಗೆ ಬನ್ನಿ. ಈ ಬಾಗಿಲಲ್ಲಿ ನಿಲ್ಲಿ. ನೀವು ಮೊದಲ ಸಲ ಕತ್ತೆತ್ತಿ ನೋಡುವಾಗ ನಾನು ಮನೆಯನ್ನಲ್ಲ, ನಿಮ್ಮ ಮುಖವನ್ನು ನೋಡಬೇಕು. ಆಮೇಲೆ ಒಟ್ಟಿಗೆ ಊರಿಗೆ ಹೋಗೋಣ. ಅಲ್ಲಿ ನಾನು ಬಡಿಸುತ್ತ ನಿಲ್ಲುವುದಿಲ್ಲ, ತಟ್ಟೆ ಹಾಕಿಕೊಂಡು ನಿಮ್ಮ ಎದುರಿಗೇ ಕೂರುತ್ತೇನೆ. ನೀವು ಸ್ಲ್ಯಾಬಿನ ವಿಷಯ ಹೇಳಿ. ನನಗೂ ಹೇಳುವುದಿದೆ, ಆಗ ನೀವು ಊಟ ನಿಲ್ಲಿಸಿ ಕೇಳಬೇಕು. ಇದಕ್ಕೆ ಒಪ್ಪಿಗೆಯಿದ್ದರೆ ಮದ್ರಾಸಿಗೆ ಹೋಗಿ ವೀಸಾಕ್ಕೆ ನಿಲ್ಲಿ. ಒಪ್ಪಿಗೆಯಿಲ್ಲದಿದ್ದರೆ ಫೋನು ಮಾಡಿ ಹೇಳಿ. ಈ ಸಲ ಲೈನು ಕೆಡುವುದಿಲ್ಲ.

ನಿಮ್ಮನ್ನು ನೋಡಬೇಕೆನ್ನಿಸಿದೆ. ಅದನ್ನೂ ಬರೆದುಬಿಡುತ್ತೇನೆ.

ನಿಮ್ಮ
ಸುಗುಣಾ

ತಾ. ಕ.: ಒಂದು ವಿಷಯ ನಾನು ಹೇಳದಿದ್ದರೆ ಬಂದ ದಿನವೇ ನಿಮಗೆ ಗೊತ್ತಾಗುತ್ತದೆ. ಈ ಮನೆಗೆ ಬಂದ ಹೊಸತರಲ್ಲಿ ಮಾರ್ಜರಿ, ನಿನ್ನ ಗಂಡ ಎಲ್ಲಿ ಎಂದು ಕೇಳಿದ್ದರು. ಕಿಟಕಿಯ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವ ತ್ರಾಣ ನನಗಿರಲಿಲ್ಲ. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ ಇಟ್ಟುಕೊಂಡೇ, ‘ತೀರಿಕೊಂಡರು’ ಎಂದುಬಿಟ್ಟೆ. ಪಾಪ, ಆಕೆ ನಿಮಗಾಗಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದರು, ನನಗೆ ಒಂದು ಕೇಕು ಮಾಡಿಕೊಟ್ಟರು. ಅದನ್ನು ತಿಂದೆ ಕೂಡ. ಇವತ್ತು ಬೆಳಿಗ್ಗೆ ಬೇಲಿಯ ಹತ್ತಿರ ಹೋಗಿ, ನನ್ನ ಗಂಡ ಬದುಕಿದ್ದಾರೆ, ಏಪ್ರಿಲಿನಲ್ಲಿ ಬರಲು ಬರೆಯುತ್ತಿದ್ದೇನೆ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಮೊದಲು ಬೇಲಿ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಹೀಗೆ ಬೇಲಿಯ ಹತ್ತಿರ ಬಂದು ಒಂದು ಮಾತು ಹೇಳಿ ತನ್ನವರನ್ನೂ ಬದುಕಿಸುವಂತಿದ್ದರೆ ಎಂದರು. ಅದಕ್ಕೇ ಇವತ್ತೇ ಇದನ್ನು ಬರೆದು ಮುಗಿಸಿದೆ.