ಅಕ್ಷಾಂಶ ಮೊದಲು

ಮಾರ್ಚ್ ೧೪, ಮಂಗಳವಾರ

ಆ ಒಂದು ಸಾಲು ತಲೆಯಿಂದ ಇಳಿಯುತ್ತಿಲ್ಲ. ಭೂಮಿಯನ್ನು ನಕ್ಷೆಗಿಳಿಸುವ ನಮ್ಮ ತಂತ್ರಾಂಶದ ಹೊಸ ಆವೃತ್ತಿಗೆ ಅಕ್ಷಾಂಶ ಮೊದಲು ಕೊಡಬೇಕು; ಹಿಂದುಮುಂದಾದರೆ ಬೇರೆಲ್ಲೋ ತೋರಿಸುತ್ತದೆ. ನಾನು ಬರೆದ ಕೈಪಿಡಿ ಇನ್ನೂ ರೇಖಾಂಶ ಮೊದಲು ಅನ್ನುತ್ತಿದೆ. ತಿದ್ದುವವರೆಗೆ ಬಿಡುಗಡೆ ಬೇಡವೆಂದು ಜೊತೆಗಾರನಿಗೆ ಬಡಕೊಂಡೆ.

“ಕೋಡ್ ಸರಿ ಇದೆಯಲ್ಲ, ಕೈಪಿಡಿ ಯಾರಪ್ಪಾ ಓದ್ತಾರೆ?” ಎಂದು ನಕ್ಕವನು ನಾನಿಲ್ಲದಾಗ ಬಿಡುಗಡೆ ಮಾಡಿಯೇಬಿಟ್ಟ.

ಗೊತ್ತಾದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಕಡಲಲ್ಲಿ ದಾರಿತಪ್ಪಿದವರನ್ನು ಹುಡುಕಿ ತರುವ ಅವಳ ದೋಣಿಗೆ ನಮ್ಮ ನಕ್ಷೆಯೇ ದಿಕ್ಕು. ಎತ್ತಿದ್ದು ಭಾವ.

“ಈಗಷ್ಟೇ ಹೊರಟಳು ಕಣೋ. ನಿಮ್ಮ ಹೊಸ ಆವೃತ್ತೀನೇ ಹಾಕ್ಕೊಂಡಿದ್ದಾಳೆ. ನೀನೇನೂ ಚಿಂತೆ ಮಾಡ್ಬೇಡ, ನೀನು ಬರೆದಿದ್ದನ್ನ ಒಂದಕ್ಷರ ಬಿಡದೆ ಓದ್ಕೊಂಡೇ ಹೋಗಿದ್ದಾಳೆ.”

ದಡದ ಠಾಣೆಯವರು ವೈರ್‌ಲೆಸ್‌ನಲ್ಲಿ ಅವಳನ್ನು ಕರೆಯುತ್ತಲೇ ಇದ್ದಾರಂತೆ. ಉತ್ತರವಿಲ್ಲ. ಕಾಯುತ್ತಾ ಆ ಸಾಲು ತಿದ್ದಿದೆ. ಅರೆ ನಿಮಿಷದ ಕೆಲಸ.