ಅಕ್ಕಾ, ಫೋನ್ ಖಾಲಿ ಮಾಡಬೇಡ

ಅಕ್ಕಾ,

ಎದ್ದ ತಕ್ಷಣ ಫೋನ್ ಹಿಡಿದು ಕೂತು ಒಂದು ಫೋಟೋವನ್ನೂ ಅಳಿಸಬೇಡ. ಖಾಲಿ ಮಾಡು ಎಂದು ವಾರದಿಂದ ನಿನ್ನ ತಲೆ ತಿಂದವನು ನಾನೇ, ಗೊತ್ತು.

ಎಲ್ಲರ ಫೋಟೋ ಇಡಲು ವೈಫೈಗೆ ಜೋಡಿಸಿದ ಪೆಟ್ಟಿಗೆ, ಭೂಮಿ ಬಾಯಿ ಬಿಟ್ಟರೂ ಅಲುಗದು ಎಂದಿದ್ದೆನಲ್ಲ, ಬೆಳಿಗ್ಗೆ ಕೈಕೊಟ್ಟಿತು. "ಎರಡು ಡಿಸ್ಕ್ ಇದೆ ಸಾರ್, ಒಂದರ ನಕಲು ಇನ್ನೊಂದರಲ್ಲಿರಲಿ" ಎಂದು ಅಂಗಡಿಯವನು ಬಡಕೊಂಡ. ಜಗತ್ತಿಗೇ ಬುದ್ಧಿ ಹೇಳುವ ನಾನು ಕೇಳುವುದುಂಟೇ? ಏಳು ತಲೆಮಾರಿನ ಫೋಟೋ ಹಿಡಿಯಲಿ ಅಂತ ಎರಡನ್ನೂ ಬೆಸೆದು ಒಂದು ಮಾಡಿದೆ, ಪ್ರತಿ ಫೋಟೋ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಈಗ ಒಂದು ಕೆಟ್ಟಿತು, ಎರಡರಲ್ಲಿದ್ದದ್ದೂ ಹೋಯಿತು.

ಪೆಟ್ಟಿಗೆ ಹೊತ್ತುಕೊಂಡು ಆ ಅಂಗಡಿಯವನ ಕಾಲು ಹಿಡಿಯಲು ಹೊರಟಿದ್ದೇನೆ. ಅಮ್ಮ ಕೇಳಿದರೆ "ಧೂಳು ತೆಗೆಸೋಕೆ ಹೋಗಿದೆ" ಅನ್ನು. ನಗಬೇಡ.

ಅಪ್ಪ ಏಣಿಯ ಮೇಲಿಂದ "ಲೋ ದೊಡ್ಡ ಇಂಜಿನಿಯರೇ, ಮೊದಲು ಏಣಿ ಹಿಡ್ಕೊಳ್ಳೋ" ಎಂದು ಬೈಯುವ ವಿಡಿಯೊ ಇತ್ತಲ್ಲ, ಅಪ್ಪನ ದನಿ ನಮಗೆ ಉಳಿದಿದ್ದು ಅದೊಂದರಲ್ಲೇ. ಪೆಟ್ಟಿಗೆಗೆ ಹಾಕಿ ನನ್ನ ಫೋನಿನಿಂದ ಅಳಿಸಿಬಿಟ್ಟಿದ್ದೇನೆ. ನಿನಗೆ ಕಳಿಸಿದ್ದೆನೋ ಇಲ್ಲವೋ ನೆನಪಿಲ್ಲ. ಹುಡುಕು.

ಸಿಕ್ಕರೆ ತಕ್ಷಣ ಫೋನ್ ಮಾಡು. ಸಿಗದಿದ್ದರೆ ಮಾಡಬೇಡ, ಮನೆಗೆ ಬಂದು ನಿನ್ನ ಮುಖ ನೋಡಿ ತಿಳಿದುಕೊಳ್ಳುತ್ತೇನೆ.